ಗೋಡೆಯಿಂದಿಳಿದು ಮಿಂದು ಹೋದ ಅಪ್ಪ

ನಾನು ಗೋಡೆಯ ಮೇಲೆ ಬರೆದ ನಮ್ಮಪ್ಪ ಹೋದ ಬೇಸಿಗೆಯಲ್ಲಿ ಸೆಕೆ ತಡೆಯಲಾರದೆ ಕೆಳಗಿಳಿದು, ಕೆರೆಯಲ್ಲಿ ಮಿಂದು, ಒದ್ದೆ ಮೈಯಲ್ಲೇ ಮತ್ತೆ ಗೋಡೆ ಹತ್ತಿದ. ನಂಬದಿದ್ದರೆ ಬಿಡಿ. ಅವನ ಪಾದದ ಹತ್ತಿರ ಮಾತ್ರ ಬಣ್ಣ ಕದಡಿದ್ದಕ್ಕೆ ಬೇರೆ ಕಾರಣವಿದ್ದರೆ ನೀವೇ ಹೇಳಿ.

ಮನ್ಮನೆಯ ಮಮತಾ ಎಂದರೆ ನಾನೇ. ಸಿದ್ದಾಪುರ-ಶಿರಸಿ ರಸ್ತೆಯಲ್ಲಿ ಸಾಮಾನು ಆಟೋ ಓಡಿಸುತ್ತೇನೆ. ಇಲ್ಲಿ ಹಾರನ್ ಹೊಡೆದರೆ ಯಲ್ಲಾಪುರದ ಘಟ್ಟದಲ್ಲಿ ಲಾರಿಗಳು ಬದಿಗೆ ಸರಿಯುತ್ತವೆ. ಪುರುಸೊತ್ತಾದಾಗ ಚಿತ್ತಾರ ಬರೆಯುತ್ತೇನೆ: ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಅರೆದ ಬಿಳಿ, ಪುಂಡಿ ನಾರಿನ ಕುಂಚ. ಉಳಿದವರು ಏಣಿ, ಬಾಸಿಂಗ, ಹಕ್ಕಿಸಾಲು ಬರೆದರೆ ನಾನು ನಮ್ಮ ಮನೆಯವರನ್ನೇ ಬರೆಯುತ್ತೇನೆ. ತೀರಿಹೋದ ಅಪ್ಪ ಕೆರಿಯನಿಗೆ ಕೊಕ್ಕರೆಯ ಕಾಲು, ಮೀನಿನ ಬಾಲ. ಚಿಕ್ಕಪ್ಪ ಹುಚ್ಚನ ಎದೆಯಿಂದ ಹೊಟ್ಟೆಯವರೆಗೆ ಹಲಸಿನಕಾಯಿ ಬಿಟ್ಟಿದೆ. ತಂಗಿ ರಕ್ಷಿತಾಳಿಗೆ ಮಂಗಟ್ಟೆ ಹಕ್ಕಿಯ ಕೊಕ್ಕು. ನನಗೆ ಕಾಲಿನ ಬದಲು ಮೂರು ಗಾಲಿ, ಬಾಯಿಯ ಜಾಗದಲ್ಲಿ ಇಷ್ಟಗಲದ ಹಾರನ್. ಸಾಲು ಇನ್ನೂ ಮುಗಿದಿಲ್ಲ. ನೆಂಟರು ಹುಟ್ಟುತ್ತಲೇ ಇದ್ದಾರೆ.

ಈ ಸಲ ರಕ್ಷಿತಾಳ ಮದುವೆ. ನಮ್ಮಲ್ಲಿ ಮದುಮಕ್ಕಳು ಚಿತ್ತಾರ ಬರೆದ ಹಸೆಗೋಡೆಯ ಮುಂದೆ ಕೂರಬೇಕು; ನಮ್ಮ ಮನೆಯಲ್ಲಿ ಅದು ಇದೇ ಗೋಡೆ. ಆ ಗೋಡೆಗೆ ಗಂಡ ಸತ್ತವಳ ಕೈ ತಾಗಬಾರದೆಂಬುದು ಹಳಬರ ಕಟ್ಟಳೆ. ನಮ್ಮಮ್ಮ ವೆಂಕಮ್ಮನೇ ಕುಂಚ ಹಿಡಿದಿದ್ದಾಳೆ ಎಂದು ಯಾರೋ ವರನ ಊರು ಹುಲಗೋಳಕ್ಕೆ ಊದಿಬಿಟ್ಟರು. ಮರುದಿನವೇ ವರನ ದೊಡ್ಡಮ್ಮ ಕನ್ನಮ್ಮ ಬಂದಿಳಿದಳು. ಬೈಕಿನಲ್ಲಿ ಕರೆತಂದವನು ವರ ನವೀನನೇ. ಕನ್ನಮ್ಮನ ಚೀಲದಲ್ಲಿ ಗೋಡೆಗೆ ಬಳಿಯಲು ಸುಣ್ಣವಿತ್ತು.

ರಕ್ಷಿತಾ ನನ್ನ ಕಿವಿಯಲ್ಲಿ ಹೇಳಿದಳು: "ಅಕ್ಕಾ, ಈ ಗೋಡೆ ಅಳ್ಸಿದ್ರೆ ನಾ ಹಸೆಗೆ ಕೂರೂದಿಲ್ಲ. ಮದ್ವೆ ಇಲ್ಲಿಗೇ ಮುಗೀತು."

"ಸುಮ್ನಿರು. ನಾ ಇದ್ದೆ," ಎಂದೆ.

ಕನ್ನಮ್ಮ ಗೋಡೆಯ ಉದ್ದಕ್ಕೂ ನಡೆದಳು. ನಾನು ಹಿಂದೆಯೇ ಸುತ್ತಿದೆ. ಒಂದು ಗೆರೆಯೂ ಬೇರೆಯವರದ್ದಲ್ಲ, ಕಣ್ಣು ಮುಚ್ಚಿ ಬರೆದದ್ದು, ದೆಹಲಿಯವರು ಗೋಡೆಯನ್ನೇ ಕಿತ್ತು ಲಾರಿಗೆ ಹಾಕಲು ಬಂದಿದ್ದರು ಎಂದೆಲ್ಲ ಹೇಳಿದೆ. ಅಪ್ಪ ಮಿಂದು ಬಂದ ಕಥೆಯನ್ನೂ ಬಿಡಲಿಲ್ಲ.

ಹಾರನ್ ಬಾಯಿಯ ಮುಂದೆ ಅವಳು ನಿಂತುಬಿಟ್ಟಳು.

"ಇದು ಯಾರೆ?"

"ನಾನೇ."

"ಬರ್ದಿದ್ದು?"

"ಅದೂ ನಾನೇ."

"ತನ್ನ ಬಾಯಿ ಇಷ್ಟ್ ದೊಡ್ಡದು ಅಂತ ಯಾರಾದ್ರೂ ತಾವೇ ಬರ್ಕೊಂತಾರೇನೆ ಮಾರಾಯ್ತಿ?"

ನವೀನ ನಕ್ಕ. ಕನ್ನಮ್ಮ ಗೋಡೆಯ ಬುಡದಲ್ಲಿದ್ದ ಕುಂಚವನ್ನು ಬಿಳಿಯಲ್ಲಿ ಅದ್ದಿ ನನ್ನ ಕೈಗೆ ತುರುಕಿದಳು. "ತಗ. ನಮ್ಮ ಹುಡುಗನ್ನೂ ಬರಿ. ಕಣ್ಣು ಮುಚ್ಚೂದು ಬ್ಯಾಡ, ಬಿಟ್ಕಂಡೇ ಬರಿ."

ಬರೆದೆ. ಘಟ್ಟದ ತಿರುವುಗಳೆಲ್ಲ ಆ ಒಂದು ಗೆರೆಯಲ್ಲಿದ್ದವು. ತಲೆ ಬರೆಯಲು ಹೋದರೆ ಬಿಳಿ ಸೋರಿ ಹೊಟ್ಟೆಯವರೆಗೆ ಇಳಿಯಿತು.

"ಇದು ನಾನಾ, ಕುಂಬಳಕಾಯಾ?" ಎಂದ ನವೀನ.

ಕನ್ನಮ್ಮ ಸುಣ್ಣದ ಚೀಲ ಬಿಚ್ಚಿದಳು. ನಾನು ಗೋಡೆಗೆ ಬೆನ್ನು ಕೊಟ್ಟು ನಿಂತೆ.

"ಹೌದು, ಅಮ್ಮಂದೇ. ಎಲ್ಲಾ ಅಮ್ಮಂದೇ. ನಂಗೆ ಮಣ್ಣು ಕಲ್ಸೂಕೆ ಮಾತ್ರ ಬರ್ತದೆ. ಅಪ್ಪ ಇದ್ದಾಗ ಅಮ್ಮನ ಕೈಯಲ್ಲೇ ನಿಮ್ಮೂರಿಗೂ ಹಸೆ ಬರೆಸ್ಕಂಡು ಹೋಗಿದ್ರಲ್ಲ? ಅಪ್ಪ ಸತ್ತ ಅಂತ ಕೈಯೂ ಸತ್ತೋಯ್ತಾ? ಬಳಿಯೂದಾದ್ರೆ ಮೊದ್ಲು ನನ್ನ ಮುಖಕ್ಕೆ ಬಳೀರಿ."

ರಕ್ಷಿತಾ ಚಾಪೆ ಎಳೆದು ತಂದು ಅಪ್ಪನ ಚಿತ್ರದ ಕೆಳಗೆ ಹಾಸಿ, ಮದುವೆಗೆ ಇನ್ನೂ ದಿನವಿದ್ದರೂ, ಕೂತೇಬಿಟ್ಟಳು. ನವೀನ ದೊಡ್ಡಮ್ಮನ ಮುಖ ನೋಡಿದ. ಚಪ್ಪಲಿ ಕಳಚಿ ರಕ್ಷಿತಾಳ ಪಕ್ಕದಲ್ಲಿ ಕೂತ.

ಅಮ್ಮ ಒಳಗಿನಿಂದ ಬಂದಳು. ಯಾರಿಗೂ ಕೈಮುಗಿಯಲಿಲ್ಲ. ನನ್ನ ಕೈಯಿಂದ ಕುಂಚ ಕಿತ್ತುಕೊಂಡು, ನವೀನನನ್ನು ಮೇಲಿಂದ ಕೆಳಗೆ ನೋಡಿ, ಸೋರಿದ ಬಿಳಿಗೆ ನಾಲ್ಕು ಗೆರೆ ಎಳೆದಳು. ಕುಂಬಳಕಾಯಿಗೆ ರೆಕ್ಕೆ ಬಂತು. ಮೂಗು ನವೀನನದ್ದೇ.

ಕನ್ನಮ್ಮ ಗೋಡೆಯ ಮೂಗನ್ನೂ ನವೀನನ ಮೂಗನ್ನೂ ಹೋಲಿಸಿ ನೋಡಿದಳು. ಕೊನೆಗೆ ಚೀಲದ ಬಾಯಿ ಕಟ್ಟಿದಳು. "ಹಸೆ ದಿನ ನಾ ಈ ಗೋಡೆ ಕಡೆ ತಿರ್ಗಿ ನೋಡೂದಿಲ್ಲ. ಹೇಳಿಟ್ಟೆ."

"ನೋಡ್ಬ್ಯಾಡಿ," ಎಂದಳು ಅಮ್ಮ. "ಗೋಡೆ ನಿಮ್ಮನ್ನ ನೋಡ್ತದೆ."

ಅಂಗಳಕ್ಕಿಳಿದ ಕನ್ನಮ್ಮ ಮತ್ತೆ ತಿರುಗಿದಳು. ದನಿ ತಗ್ಗಿಸಿ ನನ್ನನ್ನು ಕೇಳಿದಳು: "ಹಂಗಾರೆ ಕೆರಿಯಣ್ಣ ಕೆರೆಗೆ ಹೋಗಿದ್ದೂ ಸುಳ್ಳೇನೆ?"

ಹಾರನ್ ಬಾಯಿ ತೆರೆದೆ. ಅಮ್ಮ ನನ್ನನ್ನೇ ನೋಡುತ್ತಿದ್ದಳು.

"ಸುಳ್ಳು," ಎಂದೆ. "ಅಪ್ಪ ಪಾದ ಹೊರಗೆ ಚಾಚಿ ನಡೀತಿದ್ದ. ಆ ನಡಿಗೆ ಅಮ್ಮಂಗೆ ಇನ್ನೂ ಕೈಗೆ ಬಂದಿಲ್ಲ. ಒದ್ದೆ ಬಟ್ಟೇಲಿ ಆ ಪಾದ ಒರ್ಸ್ತಾಳೆ, ಮತ್ತೆ ಬರೀತಾಳೆ, ಮತ್ತೆ ಒರ್ಸ್ತಾಳೆ."