ಜಿಗ್ಮುಂಟ್ ಕುಲಿಕ್ ಅವರ ಕನ್ನಡಕ

ಕನ್ನಡಕವಿಲ್ಲದಿದ್ದರೆ ಜಿಗ್ಮುಂಟ್ ಕುಲಿಕ್ ಅವರಿಗೆ ಎದುರಿಗಿರುವ ಮನುಷ್ಯನ ಮುಖವೂ ಸರಿಯಾಗಿ ಕಾಣುತ್ತಿರಲಿಲ್ಲ. ಆದರೆ ಮನೆಮನೆಯ ಒಲೆ, ತೊಟ್ಟಿ ರಿಪೇರಿ ಮಾಡುವ ಅವರ ಕೆಲಸದಲ್ಲಿ ಅತಿ ಮುಖ್ಯವಾದ ಗಳಿಗೆ ಬಂದಾಗ ಅವರು ಮೊದಲು ಮಾಡುತ್ತಿದ್ದುದು ಆ ಕನ್ನಡಕವನ್ನು ಕಳಚುವುದು. ಕೆಟ್ಟ ಭಾಗ ಬದಲಾಯಿಸಿ, ನೀರು ಕಾಯಿಸುವ ತೊಟ್ಟಿಯ ಕೆಳಗೆ ಗ್ಯಾಸ್ ಹೊತ್ತಿಸಿ, ನೀಲಿ ಜ್ವಾಲೆ ನೆಲೆನಿಂತ ಮೇಲೆ, ತೊಟ್ಟಿಯ ತಲೆಯ ಮೇಲಿನ ಹೊಗೆಗೊಳವೆಯ ಬಾಯಿಯ ಅಂಚಿಗೆ ಕನ್ನಡಕದ ಗಾಜನ್ನು ಹಿಡಿಯುತ್ತಿದ್ದರು. ಹೊಗೆ ಚಿಮಣಿಯ ದಾರಿ ಹಿಡಿದು ಮೇಲಕ್ಕೆ ಹೋಗುತ್ತಿದ್ದರೆ ಗಾಜು ತಿಳಿಯಾಗಿಯೇ ಉಳಿಯುತ್ತಿತ್ತು. ಹಿಂತಿರುಗಿ ಮನೆಯೊಳಕ್ಕೇ ಚೆಲ್ಲುತ್ತಿದ್ದರೆ ಗಾಜಿನ ಮೇಲೆ ಮಂಜು ಕವಿಯುತ್ತಿತ್ತು. ತಿಳಿಯಾಗಿದ್ದರೂ ಅವರು ಎದ್ದು ಹೋಗುತ್ತಿರಲಿಲ್ಲ. ಬಕೆಟ್ ಬೋರಲು ಹಾಕಿ ಅದರ ಮೇಲೆ ಕುಳಿತು, ನೀರು ಪೂರ್ತಿ ಬಿಸಿಯಾಗಿ ಜ್ವಾಲೆ ತಾನಾಗಿ ತಗ್ಗುವವರೆಗೂ ಅದನ್ನೇ ನೋಡುತ್ತಿದ್ದರು. "ಸರಿಹೋಯ್ತಾ?" ಎಂದು ಮೆಟ್ಟಿಲ ಮೇಲಿಂದ ಕೇಳಿದವರಿಗೆ ಸಿಗುತ್ತಿದ್ದುದು ಒಂದೇ ಉತ್ತರ: "ಇನ್ನೂ ಹೇಳಕ್ಕಾಗಲ್ಲ."

ಬಫಲೋ ನಗರದ ಪೂರ್ವಭಾಗದಲ್ಲಿ, ವಲಸೆ ಬಂದ ನಮ್ಮ ಜನರ ಬೀದಿಗಳಲ್ಲಿ ಸರೋವರದ ಗಾಳಿಗೆ ಬೆನ್ನು ಕೊಟ್ಟು ನಡೆಯುವುದು ಎಲ್ಲರಿಗೂ ಅಭ್ಯಾಸ. ಅವರು ಮಾತ್ರ ಬಲಕ್ಕೆ ವಾಲಿಕೊಂಡು ನಡೆಯುತ್ತಿದ್ದರು. ಉಪಕರಣದ ಚೀಲದ ಭಾರ ದೇಹಕ್ಕೆ ಎಷ್ಟು ಒಗ್ಗಿತ್ತೆಂದರೆ ಭಾನುವಾರದ ಪೂಜೆಗೆ ಬರಿಗೈಯಲ್ಲಿ ಬಂದಾಗಲೂ ಆ ಭುಜ ಮೇಲೇಳುತ್ತಿರಲಿಲ್ಲ. ಮುಚ್ಚಿಹೋದ ಉಕ್ಕಿನ ಕಾರ್ಖಾನೆಯ ಕಂದು ಕೋಟು, ತೋಳಿನ ತುಂಬ ಕಿಡಿ ಸುಟ್ಟ ಚುಕ್ಕೆಗಳು. ಹೆಂಡತಿ ಹೋದ ಮೇಲೆ ಅದರ ಗುಂಡಿಗಳನ್ನು ತಾಮ್ರದ ತಂತಿಯಿಂದ ತಾವೇ ಬಿಗಿದುಕೊಂಡಿದ್ದರು.

ಬೀದಿಯ ಕೊನೆಯ ಮನೆಯಲ್ಲಿ ಬಾಡಿಗೆಗಿದ್ದ ವೆರೋನಿಕಾ ಒಮ್ಮೆ ಓವನ್ ಹೊತ್ತಿಕೊಳ್ಳುತ್ತಿಲ್ಲವೆಂದು ಅವರನ್ನು ಕರೆಸಿದಳು. ಗ್ಯಾಸ್ ಹೊತ್ತಿಸುವ ಕಡ್ಡಿ ಕೆಂಪಗಾಗುತ್ತಿದೆ, ಆದ್ದರಿಂದ ಅದು ಚೆನ್ನಾಗಿಯೇ ಇದೆ, ಕೆಟ್ಟಿರುವುದು ಬೇರೇನೋ ಎಂದು ಅವಳ ಲೆಕ್ಕ. "ಕೆಂಪಗಾದ್ರೆ ಸಾಲದಮ್ಮ. ಸುಸ್ತಾದ ಕಡ್ಡೀನೂ ಕೆಂಪಗಾಗತ್ತೆ, ಗ್ಯಾಸಿನ ಬಾಗಿಲು ತೆಗೆಯೋಷ್ಟು ಶಕ್ತಿ ಅದಕ್ಕೆ ಇರಲ್ಲ" ಎಂದು ಹೇಳಿ, ಹೊಸದನ್ನು ಬೆರಳು ತಾಗದಂತೆ ಬುಡದಲ್ಲಿ ಹಿಡಿದು ಕೂರಿಸಿದರು. ವರ್ಷಗಟ್ಟಲೆ ಬಾಳಬೇಕಾದ ಕಡ್ಡಿ ಇಷ್ಟು ಬೇಗ ಸವೆದಿದೆಯೆಂದರೆ ಓವನ್ ಹಗಲಿರುಳು ಉರಿದಿದೆ. ಅದರ ಬಾಗಿಲಿನ ಮೇಲೆ ಮಕ್ಕಳ ಕಾಲುಚೀಲಗಳು ಒಣಗುತ್ತಿದ್ದವು. ಮನೆ ಬೆಚ್ಚಗಿಡಲು ಅವಳಿಗಿದ್ದುದು ಅದೊಂದೇ ದಾರಿಯೆಂದು ಅವರಿಗೆ ಗೊತ್ತಾಯಿತು. ನೆಲಮಾಳಿಗೆಗೆ ಇಳಿದು, ಮನೆಯ ಯಜಮಾನ ಚಳಿಗಾಲವಿಡೀ ಕೆಟ್ಟಂತೆಯೇ ಬಿಟ್ಟಿದ್ದ ಮನೆ ಕಾಯಿಸುವ ಒಲೆಯನ್ನು ರಿಪೇರಿ ಮಾಡಿ, ಕತ್ತಲಾದ ಮೇಲೆ ಹೊರಟರು.

ಅದನ್ನು ಕೇಳಿ ನನ್ನ ನೆರೆಯ ತೆಯೋಫಿಲಾ ನಕ್ಕಿದ್ದಳು. "ಓವನ್ ರಿಪೇರಿಗೆ ಅಂತ ಕರೆದ್ರೆ ಊಟ, ನಿದ್ದೆ, ಮದುವೆ ಎಲ್ಲಾ ನಮ್ಮನೇಲೇ ಮುಗಿಸ್ಕೊಂಡು ಹೋಗ್ತಾನೆ ಆ ಮನುಷ್ಯ."

ಆ ತೆಯೋಫಿಲಾಳ ಮನೆಯಲ್ಲೇ, ಒಂದು ಶುಭ ಶುಕ್ರವಾರ, ಅವರ ಹೆಸರು ಕೆಟ್ಟಿತು.

ಈಸ್ಟರಿನ ಬುಟ್ಟಿಯಲ್ಲಿ ಬಾಬ್ಕಾ ಇಲ್ಲದಿದ್ದರೆ ನಮ್ಮವರಲ್ಲಿ ಅದು ಹಬ್ಬವೇ ಅಲ್ಲ. ರಾಶಿ ಮೊಟ್ಟೆಯ ಹಳದಿ ಹಾಕಿ ನಾದಿದ ಆ ಸಿಹಿ ರೊಟ್ಟಿಯ ಹಿಟ್ಟು ಬಾಣಂತಿಗಿಂತ ನಾಜೂಕು. ಉಬ್ಬುವಾಗ ಅದಕ್ಕೆ ಗಾಳಿ ಸೋಕಬಾರದು, ಯಾರೂ ಬಾಗಿಲು ಬಡಿಯಬಾರದು, ಗಂಡಸರು ಹತ್ತಿರ ಸುಳಿಯಬಾರದು. ತೆಯೋಫಿಲಾ ಹಿಟ್ಟಿನ ಪಾತ್ರೆಗಳನ್ನು ದಿಂಬುಗಳ ನಡುವೆ ಕೂರಿಸಿ, ನೆಲಮಾಳಿಗೆಯಲ್ಲಿ ನೀರಿನ ತೊಟ್ಟಿಯ ಪಕ್ಕದಲ್ಲೇ ಬೆಚ್ಚಗಿಟ್ಟಿದ್ದಳು. ಅಲ್ಲಿನ ಕಿಂಡಿಗಳಿಗೆ, ಮನೆಯ ಎಲ್ಲ ಕಿಟಕಿಗಳ ಸಂದಿಗೆ, ಹೊರಬಾಗಿಲಿನ ಕೀಲಿಕೈ ತೂತಿಗೂ ಹಳೆಬಟ್ಟೆ ತುರುಕಿದ್ದಳು. ಅಡುಗೆಮನೆಯಲ್ಲಿ ಭಾನುವಾರದ ಹಬ್ಬದೂಟದ ಹಂದಿಮಾಂಸ ಬೇಯುತ್ತಿತ್ತು. ಹಬೆ ಹೊರಗೆಳೆಯುವ ಫ್ಯಾನು ಬೆಳಗಿನಿಂದ ತಿರುಗುತ್ತಿತ್ತು. ಮೊಟ್ಟೆ ಒಡೆಯಲು ನಾನು ಕೈಜೋಡಿಸಿದ್ದೆ. ಅವಳ ಸೊಸೆ ಬಾಷಾ ತಲೆನೋವೆಂದು ಹಿಂದಿನ ಕೋಣೆಯಲ್ಲಿ ಕೂಸಿನೊಂದಿಗೆ ಮಲಗಿದ್ದಳು.

"ಉಪವಾಸದ ತಲೆನೋವು, ಈ ಕಾಲದ ಹುಡುಗೀರಿಗೆ ಅಷ್ಟೂ ತಡೆಯಲ್ಲ" ಎಂದಳು ತೆಯೋಫಿಲಾ. "ಕೂಸೇ ವಾಸಿ. ಹಬ್ಬದ ಕೆಲಸ ಇದೆ ಅಂತ ಅದಕ್ಕೇ ಗೊತ್ತು, ಬೆಳಗ್ಗಿಂದ ಒಂದ್ಸಲಾನೂ ಅತ್ತಿಲ್ಲ ನೋಡು."

ನನಗೂ ತಲೆ ಭಾರವಾಗಿತ್ತು. ನಾನೂ ಉಪವಾಸವಿದ್ದೆ, ಪ್ರಭುವಿನ ಯಾತನೆಯ ದಿನ ಅಷ್ಟಾದರೂ ನೋವು ನನ್ನ ಪಾಲಿಗಿರಲಿ ಎಂದುಕೊಂಡೆ.

ಜಿಗ್ಮುಂಟ್ ಅವರನ್ನು ಕರೆಸಿದ್ದು ತೊಟ್ಟಿಯ ಜ್ವಾಲೆ ಮತ್ತೆಮತ್ತೆ ಆರುತ್ತಿದ್ದುದಕ್ಕೆ. ಜ್ವಾಲೆಯ ಬಿಸಿಯನ್ನು ಗುರುತಿಸುವ ತಂತಿ ಕೆಟ್ಟಿದೆಯೆಂದು ತೆಯೋಫಿಲಾಳ ಮಗ ಅಂಗಡಿಯಿಂದ ಹೊಸದನ್ನು ತಂದು ಹಾಕಿ ಕೆಲಸಕ್ಕೆ ಹೋಗಿದ್ದ. ಆದರೂ ಆರುತ್ತಿತ್ತು.

"ತುದಿಗಾಲಲ್ಲಿ ಇಳಿ," ಎಂದಳು ತೆಯೋಫಿಲಾ. "ಹಿಟ್ಟಿನ ಕಡೆ ಉಸಿರೂ ಬಿಡ್ಬೇಡ, ಮಾರಾಯ. ಬೇಗ ಮುಗಿಸು."

ಅವರು ಇಳಿದರು, ಹೊತ್ತಿಸಿದರು, ಕನ್ನಡಕ ಕಳಚಿ ಕೊಳವೆಯ ಬಾಯಿಗೆ ಹಿಡಿದರು. ಗಾಜು ಬೆಳ್ಳಗಾಯಿತು. ಒರೆಸಿ ಮತ್ತೆ ಹಿಡಿದರು. ಮತ್ತೆ ಬೆಳ್ಳಗಾಯಿತು. ಅವರ ಕಣ್ಣು ಕಿಂಡಿಯ ಬಟ್ಟೆಯತ್ತ ಹೋಯಿತು; ಕಿವಿ, ಮೇಲೆ ತಿರುಗುತ್ತಿದ್ದ ಫ್ಯಾನಿನತ್ತ.

"ಮನೇಲಿ ಯಾರಿಗಾದ್ರೂ ತಲೆನೋವಾ?"

ನಾನು ಬಾಷಾಳ ಹೆಸರು ಹೇಳಿದೆ. ಕೂಸಿನ ವಿಷಯವನ್ನೂ ಹೇಳಿದೆ. ಅಷ್ಟು ವರ್ಷಗಳಲ್ಲಿ ಅವರು ಅವಸರಪಟ್ಟದ್ದನ್ನು ನಾನು ಕಂಡಿದ್ದು ಅದೊಂದೇ ಸಲ. ಗ್ಯಾಸ್ ತಿರುವಿ ನಿಲ್ಲಿಸಿದರು, ಕಿಂಡಿಗಳ ಬಟ್ಟೆ ಕಿತ್ತೆಸೆದರು, ಮೆಟ್ಟಿಲೇರಿ ಫ್ಯಾನು ಆರಿಸಿ ಮುಂಬಾಗಿಲು ಹಿಂಬಾಗಿಲು ಹಾರುಹೊಡೆದರು, ಹಿಂದಿನ ಕೋಣೆಗೆ ನುಗ್ಗಿ ಕೂಸನ್ನು ಹೊದಿಕೆಸಮೇತ ಎತ್ತಿ ನನ್ನ ಕೈಗಿತ್ತು, "ಹೊರಗೆ ನಡೀರಿ ಅಮ್ಮಾ, ಅವಳನ್ನೂ ಕರ್ಕೊಂಡು" ಎಂದರು. ಹಿಮದ ತುಣುಕು ಹೊತ್ತ ಗಾಳಿ ಆ ಮನೆಯನ್ನು ಆ ತುದಿಯಿಂದ ಈ ತುದಿಗೆ ಹಾದುಹೋಯಿತು.

ನಾವು ಒಳಗೆ ಬರುವಾಗ ಹಿಟ್ಟು ಕುಸಿದು ಪಾತ್ರೆಗಳ ತಳ ಸೇರಿತ್ತು.

"ಪಾಪಿ! ನಿನ್ನ ಮನೇಲಂತೂ ಹಬ್ಬ ಇಲ್ಲ, ಇದ್ದೋರ ಮನೇದೂ ಯಾಕಯ್ಯ ಹಾಳು ಮಾಡ್ತೀಯ?" ಎಂದು ತೆಯೋಫಿಲಾ ಕೂಗಿದಳು.

"ಹೊಗೆ ಒಳಗೆ ಬರ್ತಿತ್ತು, ತೆಯೋಫಿಲಾ. ಅದು ಕಣ್ಣಿಗೆ ಕಾಣಲ್ಲ, ವಾಸನೆ ಇಲ್ಲ, ತಲೆನೋವು ಕೊಟ್ಟು ಏಳದ ಹಾಗೆ ಮಲಗಿಸಿಬಿಡತ್ತೆ. ಫ್ಯಾನು ಗಾಳಿನ ಹೊರಗೆ ಎಳೀತಿತ್ತು. ಬದಲಿ ಗಾಳಿ ಬರಕ್ಕೆ ಬೇರೆ ದಾರೀನೇ ಇಲ್ಲ, ಚಿಮಣೀಲಿ ಇಳೀತಿತ್ತು, ಅದಕ್ಕೇ ಜ್ವಾಲೆ ಆರ್ತಿತ್ತು."

"ನನ್ನಜ್ಜಿ ಹೀಗೇ ಮಾಡಿದ್ಳು, ನನ್ನಮ್ಮ ಹೀಗೇ ಮಾಡಿದ್ಳು. ಯಾರು ಸತ್ರು? ನಿನ್ನ ಕನ್ನಡಕ ಬೆವೆತ್ರೆ ನಾವೆಲ್ಲ ಸಾಯ್ತೀವಾ? ನೀನು ಹೊರಡು, ನಾನು ಮತ್ತೆ ನಾದ್ತೀನಿ, ಮತ್ತೆ ಬಟ್ಟೆ ತುರುಕ್ತೀನಿ. ಅದೇನು ಮಾಡ್ತೀಯೋ ಮಾಡು."

ಜಿಗ್ಮುಂಟ್ ಕೆಳಗಿಳಿದು ಆ ಹೊಸ ತಂತಿಯನ್ನೇ ಬಿಚ್ಚಿ ಕೋಟಿನ ಜೇಬಿಗೆ ಹಾಕಿಕೊಂಡರು. ಅದಿಲ್ಲದೆ ಜ್ವಾಲೆ ನಿಲ್ಲುವುದಿಲ್ಲ. ನೆಂಟರು ಬರುವ ಮನೆಗೆ ಹಬ್ಬದುದ್ದಕ್ಕೂ ಬಿಸಿನೀರಿಲ್ಲ.

"ಸೋಮವಾರ ಬಂದು ಹಾಕ್ತೀನಿ. ಅಲ್ಲಿವರೆಗೆ ಶಾಪ ಹಾಕ್ತಿರು ತಾಯಿ, ಕಿಟಕಿ ಮಾತ್ರ ಮುಚ್ಬೇಡ."

ಶನಿವಾರ ಬುಟ್ಟಿಗಳಿಗೆ ಪಾದ್ರಿಗಳು ತೀರ್ಥ ಚಿಮುಕಿಸುವಾಗ ತೆಯೋಫಿಲಾಳ ಬುಟ್ಟಿಯಲ್ಲಿ ಅಂಗಡಿಯ ಕೇಕು ಇತ್ತು. ಅವಳು ಅದರ ಮೇಲೆ ಕಸೂತಿಯ ಬಟ್ಟೆಯನ್ನು ಎಳೆದೆಳೆದು ಮುಚ್ಚುತ್ತಿದ್ದಳು. ಬಾಷಾಳ ತಲೆನೋವು ಹೋಗಿತ್ತು. ಉಪವಾಸ ಮುರಿದದ್ದರಿಂದ ಹೋಯಿತೆಂದು ಎಲ್ಲರೂ ಒಪ್ಪಿಕೊಂಡರು. ಆಗಿನ್ನೂ ವಿಷಗಾಳಿಗೆ ಕೂಗುವ ಗಂಟೆಗಳು ಮನೆಮನೆಗೆ ಬಂದಿರಲಿಲ್ಲ. ಇದ್ದ ಸಾಕ್ಷಿ ಗಾಜಿನ ಮೇಲಿನ ಮಂಜು. ಅದನ್ನು ಅವರೇ ಒರೆಸಿದ್ದರು.

ಸೋಮವಾರ ಅವರು ತಂತಿ ಹಿಡಿದು ಬಂದಾಗ ತೆಯೋಫಿಲಾ ಬಾಗಿಲು ತೆರೆಯಲಿಲ್ಲ. ಮಗ ಬೇರೊಂದನ್ನು ತಂದು ಹಾಕಿಯಾಗಿತ್ತು. ಸ್ವಲ್ಪ ಹೊತ್ತು ಜಗಲಿಯಲ್ಲಿ ನಿಂತು, ನನ್ನನ್ನು ಕಂಡು ಬೇಲಿಯ ಹತ್ತಿರ ಬಂದರು.

"ಕಿಂಡಿ ತೆಗೆದಿದಾರಾ?"

"ತೆಗೆದಿದೆ. ಹಿಟ್ಟೇ ಇಲ್ವಲ್ಲ."

"ಕೂಸು ಅಳತ್ತಾ?"

"ರಾತ್ರಿಯೆಲ್ಲಾ ಅತ್ತಿದೆ. ಗೋಡೆ ಆಚೆಯಿಂದ ನಮಗೂ ನಿದ್ದೆ ಇಲ್ಲ."

ಅವರು ತಲೆಯಾಡಿಸಿ, ತಂತಿಯನ್ನು ಬೇಲಿಯ ಕಂಬದ ಮೇಲಿಟ್ಟು ಹೊರಟುಹೋದರು.

ಆಮೇಲೆ ಅವರನ್ನು ಕರೆಯುವವರು ಕಡಿಮೆಯಾದರು. "ಕುಲಿಕ್ ಬಂದ್ರೆ ಹಬ್ಬ ಹೋಗತ್ತೆ" ಎಂಬ ತಮಾಷೆ ಮದುವೆಯೂಟಗಳಲ್ಲಿ ಓಡಾಡಿತು. ಬೇಗ ಬಂದು ಬೇಗ ಹೋಗುವ ಬೇರೆಯವರು ಸಿಕ್ಕರು. ಎರಡನೆಯ ಚಳಿಗಾಲದಲ್ಲಿ ಅವರು ನ್ಯುಮೋನಿಯಾದಿಂದ ತೀರಿಕೊಂಡರು. ಮಣ್ಣಿಗೆ ಬಂದವರು ಒಂದು ಬೆಂಚಿನಷ್ಟು. ತೆಯೋಫಿಲಾ ಬಂದಿದ್ದಳು, ಜಪಸರ ಮಡಚಿಡುತ್ತ, "ಒಳ್ಳೆ ಮನುಷ್ಯನೇ, ಸುಳ್ಳು ಯಾಕೆ ಹೇಳ್ಲಿ," ಎಂದಳು. "ಆದ್ರೆ ಆ ವರ್ಷದ ಹಿಟ್ಟು ಮಾತ್ರ ಹಾಳು ಮಾಡ್ಬಿಟ್ಟ."

ಬೆಂಕಿಯಿಂದ ಮಗುವನ್ನು ಎತ್ತಿ ತಂದವನ ಮೈಮೇಲೆ ಸುಟ್ಟ ಗಾಯವಾದರೂ ಇರುತ್ತದೆ, ಊರು ಅದನ್ನು ನೋಡಿ ಅವನನ್ನು ನೆನೆಯುತ್ತದೆ. ಬೆಂಕಿಯೇ ಹತ್ತದಂತೆ ನೋಡಿಕೊಂಡವನ ಬಳಿ ತೋರಿಸಲು ಏನೂ ಇರುವುದಿಲ್ಲ. ಸಮಾಧಿಯಿಂದ ಎದ್ದುಬಂದವರ ಕಥೆಯನ್ನು ನಾವು ಪ್ರತಿ ಈಸ್ಟರಿಗೆ ನಿಂತು ಕೇಳುತ್ತೇವೆ. ಸಮಾಧಿಯತ್ತ ಹೋಗದೆ ಉಳಿದವರಿಗೆ ತಾವು ಉಳಿದದ್ದೇ ಗೊತ್ತಿರುವುದಿಲ್ಲ. ಜಿಗ್ಮುಂಟ್ ಅವರಂಥವರು ಪ್ರತಿ ಬೀದಿಯಲ್ಲೂ ಒಬ್ಬೊಬ್ಬರು ಇರುತ್ತಾರೆಂದು ನನಗನಿಸುತ್ತದೆ. ಅವರು ಸರಿಯೋ ತಪ್ಪೋ ಎಂಬುದು ಅವರಿಗೂ ಪೂರ್ತಿ ತಿಳಿಯದೆ, ಜನರ ಮುನಿಸನ್ನು ಹೊತ್ತುಕೊಂಡೇ ಅವರು ಹೋಗಿಬಿಡುತ್ತಾರೆ. ನಾವು ಬಾಗಿಲು ಹಾಕಿಕೊಂಡು ಬೆಚ್ಚಗೆ ಮಲಗುತ್ತೇವೆ.