ಪೆಟ್ಟಿಗೆಯಲ್ಲೇ ಉಳಿದ ಲೈಫ್ ಜಾಕೆಟ್‌ಗಳು

ದೂರ ದೇಶದ ಬೆಟ್ಟಗಳ ನಡುವಿನ ಬುನ್ಯೋನಿ ಸರೋವರದ ಜನಕ್ಕೆ ದೋಣಿಯೇ ಕಾಲು. ಸಂತೆಗೆ ಹೋಗಬೇಕೇ, ದೋಣಿ. ಚರ್ಚಿಗೆ, ಆಸ್ಪತ್ರೆಗೆ, ಹೆಣ್ಣು ನೋಡಲು, ಹೆಣ ಸಾಗಿಸಲು, ಎಲ್ಲಕ್ಕೂ ದೋಣಿ. ಆದರೆ ದಿನವೂ ನೀರಿನ ಮೇಲೆ ಓಡಾಡುವ ಅವರಲ್ಲಿ ಈಜು ಬಲ್ಲವರು ಕಡಿಮೆ. ದಡದಿಂದ ನಾಲ್ಕು ಮಾರು ದಾಟಿದರೆ ಸಾಕು, ಕಾಲಿಗೆ ನೆಲ ಸಿಗುವುದಿಲ್ಲ. ಹಾಗಾಗಿ ತಾಯಂದಿರು ಮಕ್ಕಳನ್ನು ನೀರಿಗೆ ಇಳಿಯಲು ಬಿಡುವುದಿಲ್ಲ, ದೋಣಿಗೆ ಮಾತ್ರ ಹತ್ತಿಸುತ್ತಾರೆ.

ಮುಗರೂರ ಅಲ್ಲಿ ಎಂಜಿನ್ ದೋಣಿ ಇಟ್ಟುಕೊಂಡಿದ್ದ. ದೂರದಿಂದ ಬಂದವರನ್ನು ಕೂರಿಸಿಕೊಂಡು ದ್ವೀಪಗಳನ್ನು ಸುತ್ತಿಸುವುದು ಅವನ ಕೆಲಸ. ಒಂಟಿ ಮರವೊಂದು ನಿಂತಿರುವ ಪುಟ್ಟ ದ್ವೀಪದ ಬಳಿ ಎಂಜಿನ್ ಆರಿಸಿ ಕಥೆ ಹೇಳುವನು. ಹಿಂದಿನ ಕಾಲದಲ್ಲಿ ಮದುವೆಗೆ ಮೊದಲೇ ಬಸುರಾದ ಹುಡುಗಿಯರನ್ನು ತಂದು ಅಲ್ಲಿ ಬಿಡುತ್ತಿದ್ದರಂತೆ. ಹೆಣ್ಣಿಗೆ ತೆರವಾಗಿ ಕೊಡಲು ಹಸುವಿಲ್ಲದ ಬಡವ ಯಾರಾದರೂ ಬಂದು ಕರೆದೊಯ್ದರೆ ಬದುಕು. ಇಲ್ಲವಾದರೆ ಹಸಿವು, ಇಲ್ಲವೇ ನೀರು.

“ದಡ ಕಣ್ಣಿಗೆ ಕಾಣ್ತಿತ್ತು. ಈಜೋಕೆ ಬರ್ತಿರ್ಲಿಲ್ಲ, ಪಾಪ” ಎಂದು ಮುಗಿಸುವನು. ಕೇಳಿದವರು ತಮ್ಮ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟಿನ ಪಟ್ಟಿ ಬಿಗಿ ಮಾಡಿಕೊಳ್ಳುವರು.

ಅಂದು ಸಂತೆಯ ದಿನ. ಬೆಳಗಿನ ಪ್ರವಾಸಿಗರನ್ನು ಮಧ್ಯಾಹ್ನ ಇಳಿಸಿ ಮುಗರೂರ ಜಾಕೆಟ್‌ಗಳನ್ನು ಒರೆಸಿ, ಮಡಿಸಿ, ದೋಣಿಯ ಮುಂಭಾಗದ ಮರದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ. ದ್ವೀಪದ ಆಸ್ಪತ್ರೆಯ ನರ್ಸ್ ಕೊಮುಹಂಗಿ ತನ್ನ ದೋಣಿಗಾಗಿ ಕಾಯುತ್ತ ದಡದಲ್ಲಿ ನಿಂತಿದ್ದಳು. ಅವಳ ಮೈಮೇಲೆ ಹಳೆಯದೊಂದು ಲೈಫ್ ಜಾಕೆಟ್ ಇತ್ತು.

“ಬೀಗ ಯಾಕಯ್ಯಾ? ಈಗ ಸಂತೆ ಜನ ಹತ್ತುತ್ತಾರಲ್ಲ?” ಎಂದು ಕೇಳಿದಳು.

“ಇವೇನು ಸಂತೆ ಜನಕ್ಕೆ ತಂದಿದ್ದಾ ಸಿಸ್ಟರಮ್ಮಾ? ಆಲೂಗಡ್ಡೆ ಮಣ್ಣು ಮೆತ್ತಿ ಕೊಡ್ತಾರೆ. ನಾಳೆ ಬಂದೋರು ಮುಟ್ಟೋದಿಲ್ಲ.”

“ಬಂದೋರದ್ದು ಜೀವ, ನಮ್ಮೋರದ್ದೇನು ಆಲೂಗಡ್ಡೆ ಮೂಟೆನಾ?”

ಮುಗರೂರ ನಕ್ಕ. “ನಾವು ಈ ನೀರಲ್ಲೇ ಹುಟ್ಟಿದೋರು. ಕಪ್ಪೆಗೆ ಯಾರಾದ್ರೂ ಕೊಡೆ ಹಿಡೀತಾರಾ?”

“ಕಪ್ಪೆಗೆ ಈಜು ಬರುತ್ತೆ ಕಣಯ್ಯಾ. ನಿಮ್ಮವ್ವನಿಗೆ ಬರುತ್ತಾ? ಇಗೋ ಬಂದಳಲ್ಲ ನಿನ್ನ ತಂಗಿ, ಇವಳಿಗೆ ಬರುತ್ತಾ?”

ತಂಗಿ ಚಾಸೀಮಿರೆ ತಲೆಯ ಮೇಲೆ ಜೋಳದ ಹಿಟ್ಟಿನ ಬುಟ್ಟಿ ಹೊತ್ತು ಬರುತ್ತಿದ್ದಳು. ಆಚೆ ಬೆಟ್ಟದ ಊರಿಗೆ ಮದುವೆಯಾಗಿ ಹೋದವಳು. ಅವ್ವನಿಗೆ ಮಂಡಿನೋವು ಎಂದು ತಿಳಿದು ತವರಿಗೆ ಹೊರಟಿದ್ದಳು.

“ನಂಗೂ ಒಂದು ಕೊಡಣ್ಣಾ. ದೊರೆಸಾನಿ ಥರ ಕೂತ್ಕೊಂಡು ಹೋಗ್ತೀನಿ” ಎಂದಳು.

“ನೀನು ಹಾಕ್ಕೊಂಡ್ರೆ ಕುಂಬಳಕಾಯಿ ತೇಲ್ತಾ ಬಂತು ಅಂತ ಅವ್ವ ಚಾಕು ಹಿಡ್ಕೊಂಡು ಬರ್ತಾಳೆ!”

ದಡದಲ್ಲಿದ್ದವರೆಲ್ಲ ನಕ್ಕರು. ಚಾಸೀಮಿರೆಯೂ ನಕ್ಕು, ಸೆರಗಿನಿಂದ ಮುಖ ಒರೆಸಿಕೊಂಡು, ದೋಣಿ ಹತ್ತಿದಳು. ಕೊಮುಹಂಗಿ ಒಬ್ಬಳು ನಗಲಿಲ್ಲ.

ನಡುನೀರಿಗೆ ಬಂದಾಗ ಬೆಟ್ಟದ ಸಂದಿನಿಂದ ಗಾಳಿ ನುಗ್ಗಿತು. ಮಧ್ಯಾಹ್ನದ ಮೇಲೆ ಹಾಗೆ ಗಾಳಿ ಬರುವುದು ಮುಗರೂರನಿಗೆ ಗೊತ್ತಿಲ್ಲದ್ದಲ್ಲ. ದೋಣಿಯಲ್ಲಿ ಮೂಟೆಗಳೂ ಹೆಚ್ಚಿದ್ದವು. ಒಂದು ಮೂಟೆ ಜಾರಿತು. ಅದರ ಒಡತಿ ಹಿಡಿಯಲೆಂದು ಎದ್ದು ನಿಂತಳು. “ಕೂತ್ಕೋ! ಕೂತ್ಕೋ!” ಎಂದು ಅವನು ಕೂಗುವಷ್ಟರಲ್ಲಿ ದೋಣಿ ಮಗುಚಿತು.

ಮುಗರೂರನಿಗೆ ಈಜು ಬರುತ್ತಿತ್ತು. ಮೇಲೆದ್ದವನೇ ಕೈಗೆ ಸಿಕ್ಕ ಮುದುಕನನ್ನು ಎಳೆದು ಮಗುಚಿದ ದೋಣಿಗೆ ಆತುಕೊಳ್ಳುವಂತೆ ಮಾಡಿದ. ಇನ್ನಿಬ್ಬರು ಅದಾಗಲೇ ಅದನ್ನು ತಬ್ಬಿಕೊಂಡಿದ್ದರು. ಆಗ ಬೆನ್ನ ಹಿಂದಿನಿಂದ “ಅಣ್ಣಾ” ಎಂಬ ಕೂಗು ಕೇಳಿತು. ತಿರುಗಿದಾಗ ಹಿಟ್ಟಿನ ಬುಟ್ಟಿ ಮಾತ್ರ ತೇಲುತ್ತಿತ್ತು. ಮುಳುಗಿ ಮುಳುಗಿ ಹುಡುಕಿದ. ಕೆಳಗೆ ಕತ್ತಲು ಬಿಟ್ಟರೆ ಬೇರೇನೂ ಇರಲಿಲ್ಲ.

ದಡದವರು ಬಂದು ಬದುಕಿದ್ದವರನ್ನು ಕರೆದೊಯ್ದರು. ಮಗುಚಿದ ದೋಣಿಯನ್ನು ಎಳೆತಂದು ನೆಟ್ಟಗೆ ಮಾಡಿ, ಪೆಟ್ಟಿಗೆಯ ಬೀಗ ಒಡೆದರು. ಜಾಕೆಟ್‌ಗಳು ಮಡಿಸಿಟ್ಟ ಹಾಗೇ ಇದ್ದವು.

ಮನೆಯಲ್ಲಿ ಅವ್ವ ಕಬರುಂಗಿ ಗೋಡೆಗೊರಗಿ ಕೂತಿದ್ದಳು. ಮಗ ಬಂದು ಕಾಲ ಬಳಿ ಕುಸಿದ.

“ಪೆಟ್ಟಿಗೇಲಿ ಎಷ್ಟಿದ್ದವು ಮಗಾ?”

“ಆರು.”

“ದೋಣೀಲಿ ಎಷ್ಟು ಜನ ಇದ್ರಿ?”

“ಐದು, ಅವ್ವಾ.”

ಮುದುಕಿ ಮೆಲ್ಲಗೆ, “ಆ ದ್ವೀಪದಲ್ಲಿ ಹುಡುಗೀರನ್ನ ಬಿಟ್ಟು ಬರ್ತಿದ್ದೋರೂ ಅಣ್ಣತಮ್ಮಂದಿರೇ ಅಂತೆ” ಎಂದಳು. ಅಷ್ಟೇ. ಬೈದಿದ್ದರೆ, ಹೊಡೆದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ನೀರು ತಾನಾಗಿ ಮರಳಿ ಕೊಟ್ಟ ಮೇಲೆ ಚಾಸೀಮಿರೆಯನ್ನು ತವರಿನ ಬೆಟ್ಟದ ಮೆಟ್ಟಿಲು ಹೊಲದ ಅಂಚಿನಲ್ಲಿ ಮಣ್ಣು ಮಾಡಿದರು. ನೆರೆಯವರು ಹುರುಳಿಕಾಯಿ, ಗೆಣಸು ತಂದು ಬೇಯಿಸಿ ಹಾಕಿದರು. ಮುಗರೂರ ದೋಣಿಯನ್ನು ನೀರಿಗೆ ಇಳಿಸಲಿಲ್ಲ.

ಕೊಮುಹಂಗಿ ಮುಗರೂರನನ್ನು ಮಾತಾಡಿಸಲು ಬಂದಾಗ ಅವನ ಸೋದರಮಾವ ಅಲ್ಲಿದ್ದ. “ಏನು ಮಾಡೋಕಾಗುತ್ತೆ ಸಿಸ್ಟರಮ್ಮಾ? ಅವಳ ಹಣೇಲಿ ಬರೆದಿತ್ತು. ದೇವರು ಕರ್ಕೊಂಡ” ಎಂದ.

“ಗಾಳಿ ದೇವರ ಕೈಲಿತ್ತು ಮಾವಾ. ಬೀಗದ ಕೈ ನಮ್ಮ ಹತ್ರಾನೇ ಇತ್ತು” ಎಂದಳು ಅವಳು. ಮುಗರೂರ ಮುಖ ಮುಚ್ಚಿಕೊಂಡ. ಅವಳು ಪಕ್ಕಕ್ಕೆ ಕೂತು ಅವನ ಭುಜ ಹಿಡಿದಳು. “ಚುಚ್ಚೋಕೆ ಅಂದಿದ್ದಲ್ಲ ತಮ್ಮಾ. ನೀನು ದೋಣಿ ನಿಲ್ಲಿಸಿದ್ರೂ ಜನ ನೀರಿಗೆ ಹೋಗೋದು ನಿಲ್ಲೋದಿಲ್ಲ. ಬೇರೆಯವರ ದೋಣೀಲಿ ಜಾಕೆಟ್ ಇಲ್ಲದೆ ಹೋಗ್ತಾರೆ. ಈಜು ಬರದಿದ್ರೂ ಜಾಕೆಟ್ ಮನುಷ್ಯನ ತಲೇನ ನೀರಿನ ಮೇಲೆ ಎತ್ತಿ ಹಿಡಿಯುತ್ತೆ. ಯಾರಾದ್ರೂ ಬರೋವರೆಗೆ ಉಸಿರು ಉಳಿಯುತ್ತೆ.”

“ನಮ್ಮೋರು ಹಾಕ್ಕೊಳ್ಳಲ್ಲ. ನಗ್ತಾರೆ” ಎಂದ ಮುಗರೂರ. “ನಾನೇ ನಕ್ಕಿದ್ದೆ.”

ಆಗ ಒಳಗಿನಿಂದ ಅವ್ವನ ದನಿ ಬಂತು: “ಭಾನುವಾರ ನಾನು ಚರ್ಚಿಗೆ ಹೋಗ್ಬೇಕು. ಮೊದಲು ನಂಗೆ ಕಟ್ಟು.”

ಭಾನುವಾರ ಮಗ ಅವ್ವನಿಗೆ ಜಾಕೆಟ್ ತೊಡಿಸಿದ. ಅವಳು ಮಗುವಿನ ಹಾಗೆ ಎರಡೂ ಕೈ ಎತ್ತಿ ನಿಂತಳು. ಅವನು ಮೊದಲು ಎದೆಯ ಪಟ್ಟಿ ಎಳೆದ. ಕೊಮುಹಂಗಿ ತೋರಿಸಿಕೊಟ್ಟಳು: ಮೊದಲು ಸೊಂಟದ್ದು, ಆಮೇಲೆ ಎದೆಯದು, ಜಾಕೆಟ್ಟಿನ ಭುಜ ಹಿಡಿದು ಮೇಲಕ್ಕೆತ್ತಿದರೆ ಅದು ಕಿವಿಯವರೆಗೆ ಏರಬಾರದು. ದಡದಲ್ಲಿ ಜನ ನಿಂತು ನೋಡುತ್ತಿದ್ದರು. ಸೋದರಮಾವ ಮುಂದೆ ಬಂದು, “ನಂಗೂ ಒಂದು ಕೊಡು” ಎಂದ. ಅವನ ಹಿಂದೆ ಉಳಿದವರೂ ಬಂದರು. ಜಾಕೆಟ್ ಸಿಗದವರಿಗೆ ಮುಗರೂರ, “ನಿಂತಿರಿ, ಇನ್ನೊಂದು ಸಲ ಬರ್ತೀನಿ” ಎಂದ. ಯಾರೂ ಗೊಣಗಲಿಲ್ಲ. ದೋಣಿ ನೀರಿಗಿಳಿದಾಗ ಅವ್ವ ಬೆಟ್ಟದ ಅಂಚಿನ ಹೊಸ ಮಣ್ಣಿನ ಕಡೆ ನೋಡುತ್ತ ಕೂತಿದ್ದಳು.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮೂರಲ್ಲೂ ಹೊಳೆ ದಾಟುವ ದೋಣಿಯಿದೆ, ತೆಪ್ಪವಿದೆ. ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹಿನ್ನೀರಿಗೆ, ಕೆರೆಗೆ ದೋಣಿ ಸವಾರಿ ಹೋಗುತ್ತೀರಿ. ಹತ್ತುವ ಮೊದಲು ಲೈಫ್ ಜಾಕೆಟ್ ಕೇಳಿ ಪಡೆಯಿರಿ, ಮಕ್ಕಳಿಗೆ ಅವರ ಅಳತೆಯದ್ದೇ ತೊಡಿಸಿ. ಜಾಕೆಟ್ ಇಲ್ಲವೆಂದರೆ, ಜನ ಹೆಚ್ಚಾದರೆ, ಗಾಳಿ ಎದ್ದರೆ ಹತ್ತಬೇಡಿ. ನಡುನೀರಿನಲ್ಲಿ ಏನೇ ಜಾರಿದರೂ, ಬಿದ್ದರೂ ಎದ್ದು ನಿಲ್ಲಬೇಡಿ. ನೀವೇ ದೋಣಿ ನಡೆಸುವವರಾದರೆ ಜಾಕೆಟ್ಟಿಗೆ ಬೀಗ ಹಾಕಬೇಡಿ. ನೋಡಿ ನಗುವವರು ನಗಲಿ. ದಡ ಸೇರಿದ ಮೇಲೆ ನೀವೂ ಅವರ ಜೊತೆ ಕೂತು ನಗಬಹುದು.