ನಿಂತಲ್ಲೇ ನಲವತ್ತು ಗಂಟೆ

ಟ್ಯಾಂಕು ತುಂಬಿ ಪಂಪಿನ ಕೊಳವೆ ಟಕ್ ಎಂದು ತಾನಾಗಿಯೇ ನಿಂತಿತು. ಮನೆಗಳಿಗೆ ಗಾಜು ಕೂರಿಸುವ ಗಾಜಿನವನು ತನ್ನ ಪಿಕಪ್ಪಿನ ಕಿಟಕಿಯೊಳಗೆ ತಲೆ ಹಾಕಿ ಕಿಲೋಮೀಟರ್ ನೋಡಿದ, ಪಂಪಿನ ಮೇಲೆ ಲೀಟರ್ ನೋಡಿದ, ಅಂಗೈ ಮೇಲೆ ಪೆನ್ನಿನಲ್ಲಿ ಭಾಗಾಕಾರ ಮಾಡಿದ. ಹತ್ತು. ಹೋದ ಸಲವೂ ಹತ್ತೇ ಬಂದಿತ್ತು. ಹಿಂದೆ ನಿಂತ ಗಾಡಿಯವನು ಹಾರನ್ ಒತ್ತುತ್ತಿದ್ದರೂ ಲೆಕ್ಕವನ್ನು ಇನ್ನೊಮ್ಮೆ ಮಾಡಿದ. ಲೆಕ್ಕಕ್ಕೆ ಯಾರ ಮುಲಾಜೂ ಇಲ್ಲ, ಮತ್ತೆ ಹತ್ತೇ ಬಂತು.

ಲೀಟರಿಗೆ ಹತ್ತು ಕಿಲೋಮೀಟರ್ ಎಂದರೆ ಬೇರೆ ಪಿಕಪ್ಪಿನವರಿಗೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಆದರೆ ಇವನಿಗೆ ಟೀ ಅಂಗಡಿಯಲ್ಲಿ ಇದ್ದ ಹೆಸರೇ 'ಹದಿಮೂರೂವರೆ'. ನಾಲ್ಕು ವರ್ಷದ ಹಿಂದೆ, ತೀರಾ ದೊಡ್ಡದೂ ಅಲ್ಲದ ಚಿಕ್ಕದೂ ಅಲ್ಲದ ಆ ಬಿಳಿ ಪಿಕಪ್ ಕೊಂಡು, ಹಿಂದೆ ಗಾಜು ನಿಲ್ಲಿಸಲು ಮರದ ಚೌಕಟ್ಟು ಹೊಡೆಸಿದಂದಿನಿಂದ ಅದು ಹದಿಮೂರೂವರೆಗಿಂತ ಕೆಳಗೆ ಇಳಿದಿರಲಿಲ್ಲ. ಟೀ ಅಂಗಡಿಯ ಮುಂದೆ ಗಾಡಿಯವರು ಸೇರಿದರೆ ಎಲ್ಲರ ಮೈಲೇಜೂ ಬಾಯಲ್ಲೇ ಒಂದೆರಡು ಏರುತ್ತದೆ. ಇವನ ಮಾತನ್ನು ಮಾತ್ರ ಯಾರೂ ತಳ್ಳಿಹಾಕುತ್ತಿರಲಿಲ್ಲ. ಒಂದು ಮಿಲಿಮೀಟರ್ ಹೆಚ್ಚುಕಡಿಮೆಯಾದರೆ ಕಿಟಕಿಗೆ ಗಾಜು ಕೂರುವುದಿಲ್ಲ. ಅಂಥ ಕಸುಬಿನವನು ಅಳತೆಯಲ್ಲಿ ಬಡಾಯಿ ಕೊಚ್ಚುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಅವನು ಸುಮ್ಮನೆ ಕೂತವನೇನಲ್ಲ. ಮೊದಲು ಪಂಪಿನ ಮೇಲೆ ಅನುಮಾನಪಟ್ಟು ಬೇರೆ ಪಂಪಿಗೆ ಹೋದ. ಚಕ್ರಗಳ ಗಾಳಿ ನೋಡಿಸಿದ. ಐವತ್ತರ ಮೇಲೆ ಓಡಿಸುವುದನ್ನು ಬಿಟ್ಟ, ಸೈಕಲ್ಲಿನವರೂ ಹಿಂತಿರುಗಿ ನೋಡುವಂತಾಯಿತು. ಸುಡು ಬಿಸಿಲಿನಲ್ಲಿ ಎ.ಸಿ. ಆರಿಸಿ, ಬೆವರಿನಲ್ಲಿ ಮಿಂದು ಮನೆಗೆ ಬಂದ. ಕೊನೆಗೆ ಮೆಕ್ಯಾನಿಕ್ಕನ ಹತ್ತಿರ ಹೋದ. ಮನುಷ್ಯರ ಜೊತೆ ಅಪರೂಪಕ್ಕೆ ಮಾತಾಡುವ, ಎಂಜಿನ್ನಿನ ಜೊತೆ ಮಾತ್ರ ದಿನವಿಡೀ ಗೊಣಗುವ ಅವನನ್ನು ಎಲ್ಲರೂ ಗೊಣಗಪ್ಪ ಎನ್ನುತ್ತಿದ್ದರು. ಇಬ್ಬರದೂ ಒಂದೇ ಬೆಂಚಿನಲ್ಲಿ ಕೂತು ಓದಿದ ಸ್ನೇಹ. ಗೊಣಗಪ್ಪ ಫಿಲ್ಟರ್ ಬದಲಿಸಿದ, ಇಂಜೆಕ್ಟರ್ ಬಿಚ್ಚಿ ತೊಳೆದ, ಆದರೂ ಅಂಕಿ ಹತ್ತನ್ನು ಬಿಟ್ಟು ಅಲ್ಲಾಡಲಿಲ್ಲ. ಆಗ ಗಾಜಿನವನ ಬಾಯಿಂದ ಆಡಬಾರದ ಮಾತೊಂದು ಬಂದುಬಿಟ್ಟಿತು. "ನೀನು ತೊಳೆದು ಹಾಕಿದ್ದು ನನ್ನ ಇಂಜೆಕ್ಟರೋ, ಬೇರೆ ಯಾವ್ದೋ ಗಾಡೀದೋ?" ಎಂದು ಕೇಳಿದ. ಗೊಣಗಪ್ಪ ಕೈ ಒರೆಸಿಕೊಂಡು ಒಳಗೆ ಹೋದವನು ಅವತ್ತು ಮತ್ತೆ ಹೊರಗೆ ಬರಲಿಲ್ಲ.

ಆ ವಾರವೇ ಗಾಜಿನವನು ಗಾಡಿ ಮಾರುವುದೆಂದು ತೀರ್ಮಾನಿಸಿದ. ಹೂಗಿಡಗಳ ನರ್ಸರಿಯವನೊಬ್ಬ ಎರಡು ವರ್ಷದಿಂದ ಆ ಪಿಕಪ್ಪಿನ ಮೇಲೆ ಕಣ್ಣಿಟ್ಟಿದ್ದ. ಕೇಳಿದ ಕೂಡಲೇ ಭಾನುವಾರ ಬಂದು ನೋಡಿ ತೆಗೆದುಕೊಂಡು ಹೋಗುತ್ತೇನೆಂದ. ಗಾಜಿನವನು ಆಯಿತೆಂದು ಮಾತು ಕೊಟ್ಟ. ಊಟದ ಹೊತ್ತಿಗೆ ಮನೆಯವರ ಮುಂದೆ ಸುದ್ದಿ ಹೇಳಿದ. ಇದರ ಬದಲು ಸಣ್ಣದೊಂದು ಗಾಡಿ ಬರುತ್ತದೆ, ಲೀಟರಿಗೆ ಹದಿನೆಂಟು ಕೊಡುತ್ತದೆ ಎಂದ. ಅಪ್ಪ ತಲೆಯಾಡಿಸಿದರು. ಅಕ್ಕ ಅವಳಿ ಮಕ್ಕಳಿಗೆ ತುತ್ತು ತಿನ್ನಿಸುತ್ತಾ ಬಣ್ಣ ಯಾವುದೆಂದು ಕೇಳಿದಳು. ಬಡಿಸುತ್ತಿದ್ದ ಹೆಂಡತಿ ಸೌಟು ಹಿಡಿದುಕೊಂಡೇ ನಿಂತು, "ಅದರಲ್ಲಿ ಎ.ಸಿ. ಇರುತ್ತಾ?" ಎಂದಳು.

"ಗಾಜಿಗೆ ಎ.ಸಿ. ಯಾಕೆ ಬೇಕು ಕಣೇ?" ಎಂದು ಅವನು ನಕ್ಕ. ಎಲ್ಲರೂ ನಕ್ಕರು. ಅವಳೂ ಸ್ವಲ್ಪ ನಕ್ಕು ಒಳಗೆ ಹೋದಳು.

ಗುರುವಾರ ಗೊಣಗಪ್ಪ ತಾನಾಗಿಯೇ ಬಂದ. ಗಾಡಿಯ ಬಾಗಿಲು ತೆಗೆದು, ಸ್ಟೇರಿಂಗಿನ ಕೆಳಗೆ ತನ್ನ ಸ್ಕ್ಯಾನರಿನ ವೈರು ಸಿಕ್ಕಿಸಿ, ಸರ್ವೀಸಿನ ದಿನ ಬರೆದಿಟ್ಟ ಚೀಟಿಯನ್ನು ಜೇಬಿನಿಂದ ತೆಗೆದು ಹೋಲಿಸಿ ನೋಡಿದ. ಆಮೇಲೆ ಗಾಜಿನವನ ಕಡೆ ತಿರುಗದೆ, ಗಾಡಿಗೆ ಹೇಳುವವನಂತೆ ಹೇಳಿದ.

"ನನ್ ಕೈಯಲ್ಲಿ ಸರ್ವೀಸ್ ಆಗಿ ನಲವತ್ತೆರಡು ದಿನ. ಅವತ್ತಿಂದ ಗಾಡಿ ಓಡಿರೋದು ಸಾವಿರದ ಆರುನೂರು ಕಿಲೋಮೀಟರು. ಎಂಜಿನ್ ಓಡಿರೋದು ಎಂಬತ್ತೈದು ಗಂಟೆ. ಅಷ್ಟು ದೂರಕ್ಕೆ ನಲವತ್ತೈದು ಗಂಟೆ ಸಾಕು."

"ಮಿಕ್ಕಿದ್ದು?"

"ನಿಂತಲ್ಲೇ ಓಡಿದೆ. ದಿನಕ್ಕೆ ಒಂದು ಗಂಟೆ. ಎಂಜಿನ್ನಿಗೇನೂ ಆಗಿಲ್ಲ, ಇಂಜೆಕ್ಟರೂ ನಿಂದೇ. ಯಾರು ಅಂತ ಮನೇಲಿ ನೋಡ್ಕೋ."

ವೈರು ಸುತ್ತಿಕೊಂಡು ಅವನು ಹೊರಟುಹೋದ. ಗಾಜಿನವನಿಗೆ ನಾಚಿಕೆಗಿಂತ ಮೊದಲು ಸಿಟ್ಟು ಬಂತು. ದಿನಕ್ಕೊಂದು ಗಂಟೆ ತನ್ನ ಗಾಡಿಯನ್ನು ಯಾರೋ ಚಾಲೂ ಮಾಡುತ್ತಿದ್ದಾರೆ, ತನ್ನ ಕಿವಿಗೆ ಬೀಳುತ್ತಿಲ್ಲ. ಹಾಗಾದರೆ ಅದು ಮಧ್ಯಾಹ್ನ ಎರಡರಿಂದ ಮೂರರವರೆಗೆ, ಮನೆಗೆ ಅಂಟಿಕೊಂಡ ವರ್ಕ್‌ಶಾಪಿನಲ್ಲಿ ತಾನು ಗಾಜಿನ ಅಂಚು ಉಜ್ಜುವ ಹೊತ್ತು. ಆ ಯಂತ್ರ ತಿರುಗುತ್ತಿದ್ದರೆ ಪಕ್ಕದಲ್ಲಿ ಸಿಡಿಲು ಬಡಿದರೂ ಕೇಳಿಸುವುದಿಲ್ಲ.

ಮರುದಿನ ಎರಡು ಗಂಟೆಗೆ ಸರಿಯಾಗಿ ಯಂತ್ರದ ಗುಂಡಿ ಒತ್ತಿದ. ಅದು ಕಿರುಚತೊಡಗಿದ ಮೇಲೆ, ಗಾಜಿನ ತುಂಡನ್ನು ಬೆಂಚಿನ ಮೇಲಿಟ್ಟು, ಹಿಂಬಾಗಿಲಿನಿಂದ ಹೊರಗೆ ಬಂದು, ಮನೆಯ ಪಕ್ಕದ ತಗಡಿನ ಶೆಡ್ಡಿನ ಹತ್ತಿರ ಖಾಲಿ ಮರದ ಪೆಟ್ಟಿಗೆಗಳ ಮರೆಯಲ್ಲಿ ನಿಂತ. ಕಳ್ಳನನ್ನು ಕುತ್ತಿಗೆ ಪಟ್ಟಿ ಹಿಡಿದು ಎಳೆಯಬೇಕೆಂದು ತೋಳು ಮಡಿಸಿಕೊಂಡಿದ್ದ.

ಮೊದಲು ಕಂಡದ್ದು ಚಪ್ಪಲಿ. ಚಾಲಕನ ಬಾಗಿಲಿನ ಕೆಳಗೆ, ಮನೆಯ ಹೊಸ್ತಿಲ ಹೊರಗೆ ಬಿಟ್ಟ ಹಾಗೆ, ಒಂದಕ್ಕೊಂದು ಒತ್ತಿಕೊಂಡು ಕೂತಿದ್ದವು. ಹಿಮ್ಮಡಿ ಸವೆದ ಹೆಂಡತಿಯ ಚಪ್ಪಲಿ. ಅವಳು ಸೀಟನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ, ಕಾಲು ಮೇಲಿಟ್ಟುಕೊಂಡು ಕೂತಿದ್ದಳು. ಫೋನಿನಲ್ಲಿ ಮಾತಾಡುತ್ತಿರಲಿಲ್ಲ, ಅಳುತ್ತಿರಲಿಲ್ಲ, ನಿದ್ದೆಯನ್ನೂ ಮಾಡುತ್ತಿರಲಿಲ್ಲ. ಎರಡೂ ಕೈ ಮಡಿಲಲ್ಲಿದ್ದವು. ತಂಪು ಗಾಳಿಗೆ ಹಣೆಯ ಮೇಲಿನ ಕೂದಲು ಹಾರುತ್ತಿತ್ತು. ಮದುವೆಯಾದ ಹನ್ನೆರಡು ವರ್ಷಗಳಲ್ಲಿ ಅವಳು ಏನೂ ಮಾಡದೆ ಕೂತದ್ದನ್ನು ಅವನು ನೋಡಿದ್ದು ಅದೇ ಮೊದಲು.

ಮಡಿಸಿದ ತೋಳು ತಾನಾಗಿಯೇ ಬಿಚ್ಚಿಕೊಂಡಿತು. ಎರಡು ತಿಂಗಳ ಹಿಂದೆ ಅಪ್ಪನಿಗೆ ಮೊಣಕಾಲಿನ ಆಪರೇಷನ್ ಆದಾಗ, ಮೆಟ್ಟಿಲು ಹತ್ತಬಾರದೆಂದು ಕೆಳಗಿನ ತಮ್ಮ ಕೋಣೆಯನ್ನು ಅವರಿಗೆ ಬಿಟ್ಟುಕೊಟ್ಟಿದ್ದ. ಅದೇ ವಾರ ಅಕ್ಕ ಅವಳಿಗಳ ಸಮೇತ ಬಂದಾಗ ಮೇಲಿನ ಕೋಣೆ ಅವಳಿಗೆ ಹೋಯಿತು. ಗಂಡಹೆಂಡಿರಿಗೆ ನಡುಮನೆಯೇ ಗತಿಯಾಯಿತು, ಅಲ್ಲಿ ಟಿ.ವಿ., ಅಲ್ಲೇ ಮಕ್ಕಳ ಆಟ, ಅಲ್ಲಿಂದಲೇ ಅಡುಗೆಮನೆಗೆ ದಾರಿ, ಅಲ್ಲೇ ಗಾಜಿಗೆಂದು ಬಂದ ಗಿರಾಕಿಗಳು. ಎಲ್ಲರಿಗೂ ಜಾಗ ಮಾಡಿಕೊಟ್ಟೆನೆಂದು ಅವನು ಟೀ ಅಂಗಡಿಯಲ್ಲಿ ಎದೆಯುಬ್ಬಿಸಿ ಹೇಳಿಕೊಂಡಿದ್ದ. ಯಾರ ಜಾಗ ತೆಗೆದು ಕೊಟ್ಟೆನೆಂದು ಯೋಚಿಸಿರಲಿಲ್ಲ. ಅರ್ಧ ಕಿಲೋಮೀಟರ್ ಕಡಿಮೆಯಾದರೆ ಪತ್ತೆಹಚ್ಚುವ ತನಗೆ ಇದು ಕಾಣಲಿಲ್ಲವಲ್ಲ ಎಂದು ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

ಆಗಲೇ ಕಣ್ಣು ಗಾಡಿಯ ಹಿಂಭಾಗಕ್ಕೆ ಹೋಯಿತು. ಗಾಜು ಏರಿಸಲು ವರ್ಕ್‌ಶಾಪಿನ ಬಾಗಿಲಿಗೆ ಹತ್ತಿರವಾಗಲೆಂದು ಅವನು ಯಾವಾಗಲೂ ಗಾಡಿಯ ಹಿಂಭಾಗ ಶೆಡ್ಡಿನ ಒಳಗಿರುವಂತೆ ನಿಲ್ಲಿಸುತ್ತಿದ್ದ. ಶೆಡ್ಡಿನ ಹಿಂಬದಿಗೆ ಧೂಳು ಬಾರದಿರಲೆಂದು ಕಟ್ಟಿದ ಟಾರ್ಪಾಲು. ಹೊಗೆ ಹೊರಗೆ ಹೋಗದೆ ಅಲ್ಲೇ ಸುತ್ತುತ್ತಿತ್ತು. ಮುಚ್ಚಿದ ಜಾಗದಲ್ಲಿ ಆ ಹೊಗೆ ಕೂತವರ ಜೀವವನ್ನೇ ತೆಗೆಯುತ್ತದೆ. ಕೂಗಬೇಕೆಂದು ಬಾಯಿ ತೆರೆದವನು, ಕೂಗಿದರೆ ಅವಳು ಮತ್ತೆಂದೂ ಇಲ್ಲಿ ಬಂದು ಕೂರುವುದಿಲ್ಲವೆಂದು ಹೊಳೆದು, ಬಗ್ಗಿಕೊಂಡು ಹಿಂದಿನಿಂದ ಹೋಗಿ, ಟಾರ್ಪಾಲಿನ ಹಗ್ಗವನ್ನು ಸದ್ದಿಲ್ಲದೆ ಬಿಚ್ಚಿ ಕೆಳಗಿಳಿಸಿದ. ಬೀದಿ ಕಡೆಯಿಂದ ಗಾಳಿ ನುಗ್ಗಿ ಹೊಗೆಯನ್ನು ಹಿಂದಕ್ಕೆ ತಳ್ಳಿಕೊಂಡು ಹೋಯಿತು. ಅವಳು ತಿರುಗಲಿಲ್ಲ. ಸ್ವಂತ ಮನೆಯಲ್ಲಿ ಕಳ್ಳನ ಹಾಗೆ ಅವನು ವರ್ಕ್‌ಶಾಪಿಗೆ ವಾಪಸಾದ.

ಆ ಸಂಜೆ ಗಾಡಿಯನ್ನು ತಿರುಗಿಸಿ, ಮೂತಿ ಒಳಗೆ, ಹೊಗೆ ಕೊಳವೆ ಬೀದಿಗೆ ಬರುವಂತೆ ನಿಲ್ಲಿಸಿದ. ಇನ್ನು ಒಂದೊಂದು ಗಾಜನ್ನೂ ಹತ್ತು ಹೆಜ್ಜೆ ಹೆಚ್ಚು ಹೊರಬೇಕು. ಅಕ್ಕ ಯಾಕೆಂದು ಕೇಳಿದಾಗ ರಿವರ್ಸ್ ತೆಗೆದು ತೆಗೆದು ಕುತ್ತಿಗೆ ನೋವು ಬಂದಿದೆ ಎಂದ.

ಶನಿವಾರ ಗೊಣಗಪ್ಪನ ಗ್ಯಾರೇಜಿಗೆ ಹೋಗಿ ಬಾಗಿಲಲ್ಲಿ ನಿಂತ. ಗೊಣಗಪ್ಪ ಗಾಡಿಯ ಕೆಳಗೆ ಮಲಗಿದ್ದ. ಕಾಲು ಮಾತ್ರ ಕಾಣುತ್ತಿತ್ತು.

"ಸಿಕ್ಕಿದ್ನಾ ಕಳ್ಳ?" ಎಂದು ಕೆಳಗಿನಿಂದ ಕೇಳಿದ.

"ಸಿಕ್ಕಿದ."

"ಯಾರು?"

"ನಾನೇ ಕಣೋ," ಎಂದ ಗಾಜಿನವನು. ಆಮೇಲೆ ಇಂಜೆಕ್ಟರಿನ ಮಾತಿಗೆ ಕ್ಷಮೆ ಕೇಳಿದ. ಹದಿನಾಲ್ಕರ ಸ್ಪ್ಯಾನರ್ ಕೊಡು ಎಂದು ಕೈಯೊಂದು ಹೊರಗೆ ಬಂತು.

ಭಾನುವಾರ ಬೆಳಿಗ್ಗೆ ನರ್ಸರಿಯವನು ಬಂದ. ಎಂಜಿನ್ ಪರೀಕ್ಷೆಗೆಂದು ಗೊಣಗಪ್ಪನನ್ನೇ ಜೊತೆಗೆ ಕರೆತಂದಿದ್ದ. ಗಾಜಿನವನಿಗೆ ರಾತ್ರಿಯೆಲ್ಲ ಇದೇ ಯೋಚನೆಯಾಗಿತ್ತು. ಕೊಟ್ಟ ಮಾತು ತಪ್ಪಿದರೆ ಎಲ್ಲರೂ ಕಾರಣ ಕೇಳುತ್ತಾರೆ. ಕಾರಣ ಹೇಳಿದರೆ ಅವಳ ಒಂದು ಗಂಟೆ ಮನೆಮಂದಿಯ ನಗೆಪಾಟಲಾಗುತ್ತದೆ. ಕೊಳ್ಳುವವನೇ ಬೇಡವೆಂದು ಹೇಳಬೇಕು.

ನರ್ಸರಿಯವನು ಚಕ್ರ ಒದ್ದು ನೋಡಿದ, ಬಾಗಿಲು ತೆರೆದು ಮುಚ್ಚಿ ನೋಡಿದ. ನೀರು ತಂದ ಹೆಂಡತಿ ಬಾಗಿಲಲ್ಲೇ ನಿಂತಳು. "ಮೈಲೇಜ್ ಕೇಳೋ ಹಾಗೇ ಇಲ್ಲ ಬಿಡಿ," ಎಂದು ನರ್ಸರಿಯವನು ನಕ್ಕ. "ನಿಮ್ಮ ಹೆಸರೇ ಹದಿಮೂರೂವರೆ."

"ಅದು ಹಳೇ ಕಥೆ," ಎಂದ ಗಾಜಿನವನು. "ಈಗ ಹತ್ತು ಬಂದ್ರೆ ಹೆಚ್ಚು."

ನರ್ಸರಿಯವನು ತಮಾಷೆಯೆಂದುಕೊಂಡ. ಆಮೇಲೆ ಗೊಣಗಪ್ಪನ ಮುಖ ನೋಡಿದ. ಗೊಣಗಪ್ಪ ಗಾಜಿನವನನ್ನು ನೋಡಿದ, ಮೂತಿ ಒಳಗಾಗಿ ನಿಂತ ಗಾಡಿಯನ್ನು ನೋಡಿದ, ಬಾಗಿಲಲ್ಲಿ ತಟ್ಟೆ ಹಿಡಿದು ನಿಂತವಳನ್ನು ಒಂದು ಕ್ಷಣ ನೋಡಿದ. ಆ ಎಂಜಿನ್ನಿನ ಪ್ರತಿ ಬೋಲ್ಟೂ ಅವನ ಕೈ ದಾಟಿ ಹೋದದ್ದು. ತನ್ನ ಕೈಗೆ ಸಿಕ್ಕ ಗಾಡಿ ಸರಿಹೋಗಲಿಲ್ಲವೆಂದು ಅವನು ಈವರೆಗೆ ಯಾರ ಮುಂದೆಯೂ ಒಪ್ಪಿಕೊಂಡವನಲ್ಲ.

"ಕುಡಿಯುತ್ತೆ," ಎಂದ ಗೊಣಗಪ್ಪ. "ಯಾಕೆ ಅಂತ ನಂಗೂ ಸಿಗ್ಲಿಲ್ಲ."

ನರ್ಸರಿಯವನು ನೀರು ಕುಡಿದು, ಇನ್ನೊಮ್ಮೆ ಬರುತ್ತೇನೆಂದು ಹೇಳಿ, ಬರುವುದಿಲ್ಲವೆಂದು ಎಲ್ಲರಿಗೂ ತಿಳಿಯುವಂತೆ ಹೊರಟ. ಟೀ ಅಂಗಡಿಗೆ ಸುದ್ದಿ ಮುಟ್ಟಿ, ಹೊತ್ತೇರುವುದರೊಳಗೆ ಗಾಜಿನವನ ಹೆಸರಿನಿಂದ ಮೂರೂವರೆ ಕಳೆದುಹೋಗಿತ್ತು.

ಹೆಂಡತಿ ಲೋಟ ಎತ್ತಿಕೊಳ್ಳುತ್ತಾ ಕೇಳಿದಳು. "ಮತ್ತೆ ಮಾರಲ್ವಾ ರೀ?"

"ಯಾರು ತಗೋತಾರೆ?"

"ಹತ್ತು ತೀರಾ ಕಮ್ಮೀನಾ?"

"ನಮಗೆ ಸಾಕು ಬಿಡು," ಎಂದ. ಅವಳು ಲೋಟ ಹಿಡಿದು ಒಳಗೆ ಹೋದಳು.

ಭಾನುವಾರ ಅವನು ಗಾಜು ಮುಟ್ಟುವುದಿಲ್ಲ. ಊಟವಾದ ಮೇಲೆ ನಡುಮನೆಯಲ್ಲಿ ಅವಳಿಗಳು ತಟ್ಟೆ ಬಡಿಯುತ್ತಿದ್ದವು, ಅಪ್ಪ ಟಿ.ವಿ.ಯ ಸದ್ದು ಏರಿಸಿದ್ದರು, ಅಕ್ಕ ಅಲ್ಲಿಂದಲೇ ಅಡುಗೆಮನೆಗೆ ಏನೋ ಕೂಗಿ ಹೇಳುತ್ತಿದ್ದಳು. ಅಡುಗೆಮನೆಯ ಬಾಗಿಲ ಪಕ್ಕದ ಮೊಳೆಯಲ್ಲಿ ಗಾಡಿಯ ಕೀಲಿ ತೂಗುತ್ತಿತ್ತು. ಹೆಂಡತಿ ಕೈ ಒರೆಸಿಕೊಂಡು ಅದರ ಕಡೆ ನೋಡಿ ಮತ್ತೆ ಪಾತ್ರೆಗಳ ಕಡೆ ತಿರುಗಿದಳು.

ಅವನು ಎದ್ದು ವರ್ಕ್‌ಶಾಪಿಗೆ ಹೋದ. ಎರಡು ಗಂಟೆಗೆ ಯಂತ್ರದ ಗುಂಡಿ ಒತ್ತಿದ. ಕಲ್ಲಿನ ಚಕ್ರದ ಮೇಲೆ ನೀರು ಹನಿಯುತ್ತಾ ಅದು ಎಂದಿನಂತೆ ಕಿರುಚತೊಡಗಿತು. ಸ್ವಲ್ಪ ಹೊತ್ತು ಬಿಟ್ಟು ಬಾಗಿಲ ಸಂದಿಯಿಂದ ಇಣುಕಿದ. ಶೆಡ್ಡಿನಲ್ಲಿ, ಗಾಡಿಯ ಬಾಗಿಲ ಕೆಳಗೆ ಚಪ್ಪಲಿ ಜೋಡಿಯಾಗಿ ಇದ್ದವು. ಅವನು ಬಂದು ಬೆಂಚಿನ ಮೇಲೆ ಕೈ ಕಟ್ಟಿ ಕೂತ. ಉಜ್ಜಲು ಒಂದು ಚೂರು ಗಾಜೂ ಇರಲಿಲ್ಲ. ಮೂರು ಹೊಡೆಯುವವರೆಗೆ ಅವನು ಯಂತ್ರ ನಿಲ್ಲಿಸಲಿಲ್ಲ.